ಬೊಂಬೆ ‘ಮಾವ’ ಅಂದಿತು

ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಜನರಿಗೆ ತಿಳಿಹೇಳುವ ಕಾರ್ಯಕ್ರಮವನ್ನು ನಡುಮಧ್ಯಾಹ್ನ ಬಟಾಬಯಲಿನಲ್ಲಿ ಇಟ್ಟವರ ಬುದ್ಧಿಗೆ ಒಂದು ಹಾರ ಹಾಕಲೇಬೇಕು. ಭೀಮನಬೀಡಿನ ಶಾಲೆ ಮೈದಾನದಲ್ಲಿ ಶಾಮಿಯಾನ ಇರಲಿಲ್ಲ ಎಂದರೆ ಸುಳ್ಳಾದೀತು. ಇತ್ತು, ವೇದಿಕೆಯ ಮೇಲೆ. ಶಾಮಿಯಾನದ ಕೆಳಗೆ ಫ್ಯಾನು, ಫ್ಯಾನಿನ ಕೆಳಗೆ ಸಾಹೇಬರು, ಸಾಹೇಬರ ಕೈಯಲ್ಲಿ ಎಳನೀರು. ಎದುರಿಗೆ ನೆಲದ ಮೇಲೆ ಚೆಂಡುಹೂ ಕೊಯ್ಯುವ ಹೆಂಗಸರು, ಗಂಡಸರು. ಮಳೆ ಬಿಡುವು ಕೊಟ್ಟ ಶ್ರಾವಣದ ಚುರುಗುಟ್ಟುವ ಬಿಸಿಲಿನಲ್ಲಿ ಕೂತು ಅವರು ಬಿಸಿಲಿನ ಅಪಾಯವನ್ನು ಕೇಳುತ್ತಿದ್ದರು.

“ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಮೈಯೊಡ್ಡಲೇಬಾರದು” ಎಂದು ಸಾಹೇಬರು ಮೈಕಿನಲ್ಲಿ ಗುಡುಗಿದಾಗ ಗಂಟೆ ಹನ್ನೆರಡೂವರೆ.

ಮುಂದಿನ ಸಾಲಿನಲ್ಲಿದ್ದ ಮಂಚಮ್ಮ ಎದ್ದು ನಿಂತಳು. “ಹಂಗಾರ ನಾವು ಎದ್ ಹೋಗನಾ ಬುದ್ದಿ?”

“ಕೂತ್ಕೊಳಮ್ಮ, ಭಾಷಣ ಮುಗೀಲಿ. ಇನ್ನೂ ಫೋಟೋ ಆಗಿಲ್ಲ.”

ಮಂಚಮ್ಮ ಸೆರಗನ್ನು ತಲೆಗೆಳೆದುಕೊಂಡು ಕೂತಳು. ಅವಳ ಮಗ ಶಿವಮಲ್ಲು ಹಿಂದಿನ ಸಾಲಿನಲ್ಲಿದ್ದ. ಮೂವತ್ತು ದಾಟಿದ ಆಸಾಮಿ. ಸ್ವಂತ ಹೊಲ, ಹೊಲದ ತುಂಬ ಚೆಂಡುಹೂ, ಕೆಟ್ಟ ಚಟ ಒಂದೂ ಇಲ್ಲ. ಇಷ್ಟಿದ್ದೂ ಮದುವೆಯಾಗಿರಲಿಲ್ಲ. ಹೊಲ ಉಳುವವನಿಗೆ ಹೆಣ್ಣು ಕೊಡುವುದಕ್ಕಿಂತ ಹಾಳು ಬಾವಿಗೆ ತಳ್ಳುವುದು ಮೇಲು ಎನ್ನುವ ಕಾಲ ಇದು. ಅಂಥದ್ದರಲ್ಲಿ ಸೋದರಮಾವ ರಂಗಸ್ವಾಮಿ ಹೇಗೋ ಉಡಿಗಾಲದಲ್ಲಿ ಒಂದು ಹೆಣ್ಣು ಹುಡುಕಿದ್ದ. ಹೆಸರು ಶಿವರಂಜಿನಿ, ನರ್ಸರಿಯಲ್ಲಿ ಸಸಿ ಬೆಳೆಸುವ ಕೆಲಸ. ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಆದರೆ ಅವತ್ತು ಬೆಳಿಗ್ಗೆ ರಂಗಸ್ವಾಮಿ ಫೋನು ಮಾಡಿ ಒಂದು ಮುಳ್ಳು ಚುಚ್ಚಿದ್ದ.

“ನಿನ್ ಫೋಟೋ ನೋಡಿ ಹುಡುಗಿ ‘ಬಿಸ್ಲಲ್ಲಿ ಬಾಳ ಬೆಂದವ್ನೆ’ ಅಂದ್ಳಂತ ಕಣ್ಲಾ. ವಸಿ ಮೊಕ ನೋಡ್ಕ.”

ಇನ್ನೇನು ಬೇಕು? ಹೆಣ್ಣಿಗೆ ಬಣ್ಣ ಹಿಡಿಸಿಲ್ಲ ಎಂದು ಶಿವಮಲ್ಲು ತೀರ್ಮಾನಿಸಿಬಿಟ್ಟ. ನಮ್ಮ ಜನ ಹೀಗೆಯೇ. ಕರಿ ಎಮ್ಮೆಯ ಹಾಲು ಕುಡಿಯುತ್ತಾರೆ, ಕರಿ ಮಣ್ಣಿನ ರಾಗಿ ಉಣ್ಣುತ್ತಾರೆ, ಕರಿ ಕಲ್ಲಿನ ದೇವರಿಗೆ ಅಡ್ಡ ಬೀಳುತ್ತಾರೆ. ಆಮೇಲೆ ಕನ್ನಡಿಯ ಮುಂದೆ ನಿಂತು ಬೆಳ್ಳಗಿಲ್ಲವಲ್ಲ ಎಂದು ಅಳುತ್ತಾರೆ.

ಸಾಹೇಬರ ನಂತರ ಮೈಕು ಹಿಡಿದವಳು ಉಪಕೇಂದ್ರದ ನಯನಾ ಸಿಸ್ಟರ್. ಅವತ್ತಿನ ಕಾರ್ಯಕ್ರಮದಲ್ಲಿ ತಲೆಗೆ ಟೋಪಿ ಹಾಕಿಕೊಂಡು, ಜನರ ನಡುವೆ ಬಿಸಿಲಿಗೇ ಇಳಿದು ಬಂದು ಮಾತಾಡಿದವಳು ಅವಳೊಬ್ಬಳೇ. ಅಗಲ ಅಂಚಿನ ಟೋಪಿ ಹಾಕಿ, ತುಂಬುತೋಳಿನ ಅಂಗಿ ತೊಡಿ, ನೀರು ಕುಡೀರಿ ಎಂದಳು. ಬಿಳಿ ಮಚ್ಚೆ, ಅದೇ ತೊನ್ನು ಅಂತೀರಲ್ಲ, ಅದು ಮುಟ್ಟಿದರೆ ಅಂಟುವುದಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ, ಆ ಜಾಗ ಬಿಸಿಲಿಗೆ ಬೇಗ ಸುಡುತ್ತದೆ ಅಷ್ಟೆ, ಅದಕ್ಕೆ ಬಟ್ಟೆ ಮುಚ್ಚಬೇಕು ಎಂದಳು. ಕೊನೆಗೆ ಒಂದು ಟ್ಯೂಬು ಎತ್ತಿ ಹಿಡಿದಳು.

“ಇದನ್ನ ಹೊಲಕ್ಕೆ ಹೋಗೋ ಮುಂಚೆ ಮುಖ, ಕತ್ತು, ಕೈಗೆ ಹಚ್ಕೋಬೇಕು. ಬಿಸಿಲು ಸುಡೋದನ್ನ ತಡೆಯುತ್ತೆ.”

ಹಿಂದಿನ ಸಾಲಿನಿಂದ ಶಿವಮಲ್ಲು ಕೈಯೆತ್ತಿದ. “ಎಷ್ಟ್ ದಿನಕ್ಕ ಬೆಳ್ಳಗಾಯ್ತೀವಿ ಸಿಸ್ಟರ್?”

“ಬೆಳ್ಳಗಾಗಲ್ಲ ಕಣಪ್ಪ! ಇದು ಬೆಳ್ಳಗೆ ಮಾಡೋ ಕ್ರೀಮ್ ಅಲ್ಲ.”

“ಗೊತ್ತು ಗೊತ್ತು” ಎಂದು ಶಿವಮಲ್ಲು ಕಣ್ಣು ಮಿಟುಕಿಸಿದ. ಸರ್ಕಾರದವರು ಪುಕ್ಕಟೆ ಕೊಡುವ ವಸ್ತುವಿನ ನಿಜವಾದ ಗುಣವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಎಲ್ಲರೂ ಮುಗಿಬೀಳುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ತನ್ನದೊಂದು ಟ್ಯೂಬು, ಅವ್ವನದೊಂದು ಟ್ಯೂಬು ಜೇಬಿಗಿಳಿಸಿ ಮನೆಗೆ ಬಂದ.

ಶನಿವಾರ ಬೆಳಿಗ್ಗೆ ಎರಡೂ ಟ್ಯೂಬುಗಳನ್ನು ಹಿಂಡಿ, ಗೋಡೆಗೆ ಗಾರೆ ಮೆತ್ತುವಂತೆ ಮುಖಕ್ಕೆ ಮೆತ್ತಿಕೊಂಡ. ಮಂಚಮ್ಮ ಕೊಟ್ಟಿಗೆಯಿಂದ ಬಂದವಳು ಒಂದು ಸಲ ಕಿಟಾರನೆ ಕಿರುಚಿ, ಆಮೇಲೆ ಮಗನೆಂದು ಗುರುತು ಹಿಡಿದಳು.

“ಯಾನ್ಲಾ ಇದು ಅವತಾರ?”

“ನಾಳಕ ಹೆಣ್ಣಿನೋರು ಬತ್ತಾರಲ್ಲವ್ವ. ಇವತ್ತೆಲ್ಲ ಬುಟ್ರ ಒಳಕ್ಕ ಇಳೀತದ.”

ಮಂಚಮ್ಮ ಯೋಚಿಸಿದಳು. ತಾಯಿಯ ಕರುಳು. “ಬೆವ್ರು ಬಂದ್ರ ಇಳ್ದೋಯ್ತದ ಕಣ. ಮ್ಯಾಲ ವಸಿ ಪೌಡ್ರು ಹಾಕ್ಬುಡು” ಎಂದು ತಾನೇ ಪೌಡರ್ ಡಬ್ಬಿ ತಂದು ಬೋರಲು ಹಾಕಿದಳು. ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆ ಕೂಡ ಅಷ್ಟು ಬೆಳ್ಳಗೆ ಇರಲಿಲ್ಲ.

ಈ ಅವತಾರದಲ್ಲಿ ಹೊಲಕ್ಕೆ ಹೋದ ಮೇಲೆ ಅವನಿಗೆ ಟೋಪಿ, ತುಂಬುತೋಳು ನೆನಪಾಯಿತು. ಎರಡೂ ಅವನಲ್ಲಿರಲಿಲ್ಲ. ಆದರೆ ಅವನ ದೃಷ್ಟಿಬೊಂಬೆಗೆ ಇದ್ದವು. ರಸ್ತೆ ಪಕ್ಕದ ಹೂವಿನ ಹೊಲ ಎಂದ ಮೇಲೆ ಕೇರಳದ ಕಾರುಗಳು ನಿಲ್ಲುತ್ತವೆ, ಜನ ಇಳಿದು ಹೂವಿನ ನಡುವೆ ಫೋಟೋ ಹೊಡೆಸಿಕೊಳ್ಳುತ್ತಾರೆ. ಅಷ್ಟೊಂದು ಕ್ಯಾಮೆರಾದ ಕಣ್ಣು ಬಿದ್ದರೆ ಹೂ ಸೊರಗದಿರುತ್ತದೆಯೇ? ಅದಕ್ಕೆಂದೇ ಊರಿನವರೆಲ್ಲ ಹೊಲದಲ್ಲಿ ಬೊಂಬೆ ನಿಲ್ಲಿಸಿದ್ದರು. ಶಿವಮಲ್ಲುವಿನ ಬೊಂಬೆಗೆ ಸುಣ್ಣ ಬಳಿದ ಮಡಕೆಯ ತಲೆ, ಪ್ರವಾಸಿಗರು ಬಿಟ್ಟುಹೋದ ಅಗಲ ಟೋಪಿ, ರಂಗಸ್ವಾಮಿ ಮಾವನ ಹಳೇ ತುಂಬುತೋಳಿನ ಅಂಗಿ.

“ನಿಂಗ್ಯಾಕ್ಲಾ ಬಿಸ್ಲು” ಎಂದು ಬೊಂಬೆಯ ಅಂಗಿ ಟೋಪಿ ಕಿತ್ತು ತಾನು ಹಾಕಿಕೊಂಡು, ಬರಿಮೈ ಬೊಂಬೆಯನ್ನು ಗಿಡಗಳ ನಡುವೆ ಮಲಗಿಸಿದ. ಹೂ ಕೊಯ್ಯಲು ಬಗ್ಗಿದ. ಆಗಲೇ ಬದುವಿನ ಮೇಲೆ ಇಬ್ಬರು ಬರುತ್ತಿರುವುದು ಕಂಡಿತು.

ಹೆಣ್ಣು ಹೆತ್ತವರ ಜಾಣತನ ಎಂಥದ್ದು ನೋಡಿ. ಭಾನುವಾರ ಬರುತ್ತೇವೆ ಎಂದರೆ ಗಂಡಿನವರು ಮನೆಗೆ ಸುಣ್ಣ ಹೊಡೆಸುತ್ತಾರೆ, ಪಕ್ಕದ ಮನೆಯ ಟೀವಿ ತಂದಿಡುತ್ತಾರೆ, ನೆಂಟರ ಬೈಕು ಬಾಗಿಲಿಗೆ ನಿಲ್ಲಿಸುತ್ತಾರೆ. ಅದಕ್ಕೇ ಶನಿವಾರವೇ ಕದ್ದು ಬಂದು ಹೊಲ ನೋಡಿ, ಟೀ ಅಂಗಡಿಯಲ್ಲಿ ವಿಚಾರಿಸಿ ಹೋಗುವುದು ಈ ಸೀಮೆಯ ವಾಡಿಕೆ. ಬರುತ್ತಿದ್ದವರು ಶಿವರಂಜಿನಿಯ ಅಪ್ಪ ಪುಟ್ಟಮಾದಯ್ಯ ಮತ್ತು ಮಂಡಿನೋವಿಗೆ ಕೊಡೆಯೂರಿ ಕುಂಟುತ್ತಿದ್ದ ಅವನ ತಂಗಿ ಮಹಾಲಕ್ಷ್ಮಮ್ಮ. ರಂಗಸ್ವಾಮಿ ಕಳಿಸಿದ್ದ ಫೋಟೋದಲ್ಲಿ ಶಿವಮಲ್ಲು ಇಬ್ಬರನ್ನೂ ನೋಡಿದ್ದ.

ಪಂಪ್‌ಹೌಸಿಗೆ ಓಡೋಣವೆಂದರೆ ಅವರು ಅದರ ಕಡೆಯಿಂದಲೇ ಬರುತ್ತಿದ್ದರು. ಮುಖ ತೊಳೆಯಲು ನೀರಿಲ್ಲ, ಮೋಟಾರಿಗೆ ಕರೆಂಟು ಬರುವುದು ಸಂಜೆಗೆ. ಗಿಡ ಮೊಣಕಾಲೆತ್ತರ, ಕೂತರೂ ಕಂಡುಬಿಡುತ್ತಾನೆ. ಶಿವಮಲ್ಲುವಿಗೆ ಹೊಳೆದದ್ದು ಒಂದೇ. ಎರಡೂ ಕೈ ಚಾಚಿ, ಕಣ್ಣು ಮೇಲೆ ಮಾಡಿ, ಬೊಂಬೆಯಾಗಿ ನಿಂತುಬಿಟ್ಟ.

ಅವರು ನೇರ ಅವನ ಹತ್ತಿರವೇ ಬಂದರು. ಸುತ್ತ ಎಲ್ಲೂ ಮರವಿರಲಿಲ್ಲ, ಹೂವಿನ ನಡುವೆ ಇದ್ದ ನೆರಳೆಂದರೆ ಬೊಂಬೆಯದು.

“ಅಣ್ಣ, ಈ ಬೊಂಬೆ ನೋಡು. ಜೀವ ಬಂದಂಗ ಅದ ಕಣ” ಎಂದಳು ಮಹಾಲಕ್ಷ್ಮಮ್ಮ, ಕೊಡೆಯ ತುದಿಯಿಂದ ಹೊಟ್ಟೆಗೆ ತಿವಿದು. “ಹುಲ್ಲು ಹೊಟ್ಟೇಲಿ ಜಾಸ್ತಿ ತುಂಬ್ಬುಟ್ಟವ್ರೆ.”

“ಕೆಲಸಗಾರ ಕಣವ್ವ ಹುಡುಗ. ಬೊಂಬೆಗೇ ಇಷ್ಟ್ ಮುತುವರ್ಜಿ ವಹ್ಸವ್ನೆ, ಹೆಂಡ್ತೀನ ಹೆಂಗ್ ನೋಡ್ಕಂಡಾನು!” ಎಂದು ಪುಟ್ಟಮಾದಯ್ಯ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತ.

ಬೊಂಬೆಯ ಎದೆ ಉಬ್ಬಿತು. ಯಾರೂ ನೋಡಲಿಲ್ಲ.

ಮಹಾಲಕ್ಷ್ಮಮ್ಮ ತನ್ನ ಬ್ಯಾಗನ್ನು ಚಾಚಿದ ಬಲಗೈಗೆ ತಗುಲಿಹಾಕಿದಳು. ಅದರಲ್ಲಿ ಏನು ತುಂಬಿದ್ದಳೋ, ರುಬ್ಬುಗುಂಡಿನ ತೂಕ. ಅಣ್ಣ ತಂಗಿ ಕಡಲೆಕಾಯಿ ಸುಲಿಯುತ್ತ ಕೂತರು. ಇರುವೆಯೊಂದು ಶಿವಮಲ್ಲುವಿನ ಕತ್ತಿನಿಂದ ಕಿವಿಗೆ, ಕಿವಿಯಿಂದ ಮೂಗಿಗೆ ಯಾತ್ರೆ ಹೊರಟಿತು. ಅವನು ಮಾದಪ್ಪನನ್ನು ನೆನೆದು ಉಸಿರು ಬಿಗಿಹಿಡಿದ.

“ಎಲ್ಲಾ ಸರಿ ಅಣ್ಣ, ಕೂಸಿನ ಕೈ ವಿಚಾರ ಯಾನ್ ಮಾಡೀಯೆ?” ಎಂದು ಮಹಾಲಕ್ಷ್ಮಮ್ಮ ದನಿ ತಗ್ಗಿಸಿದಳು.

ಪುಟ್ಟಮಾದಯ್ಯನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು. “ತುಂಬ್ತೋಳಿನ ರವಿಕೆ ಹೊಲ್ಸಕ ಹಾಕಿವ್ನಿ. ಮೊಣಕೈ ತಂಕ ಬಿಳಿ ಮಚ್ಚೆ. ಬಂದ ಗಂಡುಗಳೆಲ್ಲ ಕೈ ನೋಡೇಟ್ಗ ಕಾಪಿನೂ ಕುಡೀದೆ ಓಡೋದ್ವು. ಇವ್ನಿಗೆ ಧಾರೆ ಆಗೋ ತಂಕ ತೋರ್ಸದ್ ಬ್ಯಾಡ.”

“ಅವ್ಳು ಮುಚ್ಕಂಡಾಳಾ?”

“ಅದೇ ಕಣವ್ವ ಕಷ್ಟ. ‘ಬಿಸ್ಲಿಗ್ ಮುಚ್ತೀನಿ, ಜನ್ರಿಗ್ ಮುಚ್ಚಲ್ಲ’ ಅಂತಾಳ.”

“ಅವ್ಳ ಮಾತ್ ಬುಡು. ಅಂಟ್ಕಂಡ್ರ ಗೊತ್ತಾಯ್ತದ. ನಾನಂತೂ ನಮ್ಮನೇಗ್ ಬಂದಾಗ ಅವಳ ತಟ್ಟೆ ಲೋಟ ಬ್ಯಾರೇನೇ ಇಡ್ತೀನಪ್ಪ.”

ಇಷ್ಟು ಹೊತ್ತು ಇರುವೆಯನ್ನು ತಡೆದಿದ್ದ, ಬ್ಯಾಗನ್ನು ತಡೆದಿದ್ದ, ಕೊಡೆಯ ತಿವಿತವನ್ನು ತಡೆದಿದ್ದ ಶಿವಮಲ್ಲುವಿಗೆ ಇದೊಂದು ತಡೆಯಲಾಗಲಿಲ್ಲ. ನಯನಾ ಸಿಸ್ಟರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ತಪ್ಪಾಗಿ ಕೇಳಿಸಿಕೊಂಡವನು ಉಳಿದ ಕಾಲು ಪಾಲನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದ.

“ಅದು ಅಂಟೋ ಕಾಯ್ಲೆ ಅಲ್ಲ ಕಣ್ ಮಾವ!” ಎಂದು ಬೊಂಬೆ ಗುಡುಗಿತು. “ತಟ್ಟೆ ಯಾಕ್ ಬ್ಯಾರೆ ಇಟ್ಟೀರಿ? ಒಂದೇ ತಟ್ಟೇಲಿ ಉಂಡ್ರೂ ಬರಾಕಿಲ್ಲ!”

ಅಣ್ಣ ತಂಗಿ ಇಬ್ಬರೂ ನಿಧಾನವಾಗಿ ತಲೆಯೆತ್ತಿದರು. ಬೊಂಬೆಗೂ ಆಡಿದ್ದು ಅತಿಯಾಯಿತು ಅನ್ನಿಸಿರಬೇಕು. ಮರ್ಯಾದೆಯಿಂದ ಬಗ್ಗಿ, ಕೈಯಲ್ಲಿದ್ದ ಬ್ಯಾಗನ್ನು ಚಾಚಿತು.

“ತಗಳಿ ಅತ್ತೆ, ನಿಮ್ ಬ್ಯಾಗು.”

ಮಹಾಲಕ್ಷ್ಮಮ್ಮನಿಗೆ ಮಂಡಿನೋವೆಂದು ಯಾರು ಹೇಳಿದ್ದರೋ. ಅವಳು ಅಣ್ಣನನ್ನು ಹಿಂದೆ ಹಾಕಿ ಎರಡು ಹೊಲ ದಾಟಿದ್ದಳು. ಬ್ಯಾಗು, ಕೊಡೆ, ಇಬ್ಬರ ಚಪ್ಪಲಿ ಹೊಲದಲ್ಲೇ ಉಳಿದವು.

ಶಿವಮಲ್ಲು ಅಂಗಿ ಟೋಪಿಯನ್ನು ಬೊಂಬೆಗೆ ತೊಡಿಸಿ, ಎಬ್ಬಿಸಿ ನಿಲ್ಲಿಸಿ, ಬರೀ ಬನಿಯನ್ನಿನಲ್ಲಿ ಪಕ್ಕದ ಪಂಪ್‌ಹೌಸಿಗೆ ನುಗ್ಗಿ ಬಾಗಿಲೆಳೆದುಕೊಂಡ. ಕರೆಂಟು ಬಂದ ಕೂಡಲೇ ಮುಖ ತೊಳೆದು ಏನೂ ಅರಿಯದವನ ಹಾಗೆ ಮನೆಗೆ ಹೋಗುವುದು ಅವನ ಲೆಕ್ಕಾಚಾರ. ಕರೆಂಟಿಗಿಂತ ಮುಂಚೆ ಊರು ಬಂತು.

ಟೀ ಅಂಗಡಿಯಲ್ಲಿ ಪುಟ್ಟಮಾದಯ್ಯ ಏದುಸಿರು ಬಿಡುತ್ತ ಹೇಳಿದ್ದು, ಬೊಂಬೆ ಮಾತಾಡಿತು ಎಂದು. ಅಂಗಡಿಯಿಂದ ಹೊರಬೀಳುವಾಗ ಅದು ಬೊಂಬೆ ನಡೆಯಿತು ಎಂದಾಯಿತು. ಅರಳೀಕಟ್ಟೆ ತಲುಪುವಾಗ ಬೊಂಬೆ ಹಣೆಗೆ ವಿಭೂತಿ ಬಳಿದುಕೊಂಡು ಮಾದಪ್ಪನ ಹಾಗೆ ಹುಲಿಯ ಮೇಲೆ ಕೂತಿತ್ತು. ಅರ್ಧ ಗಂಟೆಯೊಳಗೆ ಊರಿನ ಯಜಮಾನ ಕರಿಬಸವಯ್ಯನನ್ನು ಮುಂದಿಟ್ಟುಕೊಂಡು ಜನ ಕಾಯಿ, ಕರ್ಪೂರ, ಬಿಂದಿಗೆ ನೀರು ಹೊತ್ತು ಹೊಲಕ್ಕೆ ಬಂದರು. ದಾರಿಯಲ್ಲಿ ಕಾರು ನಿಲ್ಲಿಸಿದ್ದ ಕೇರಳದವರೂ ಕೈಮುಗಿದು ನಿಂತರು. ತನ್ನ ಹೊಲದ ಬೊಂಬೆಗೆ ತಾನೇ ಆರತಿ ಎತ್ತುತ್ತಿದ್ದವಳು ಮಂಚಮ್ಮ.

“ಅದು ನಿನ್ನ ಯಾನಂತ ಕರೀತು?” ಕರಿಬಸವಯ್ಯ ಗಂಭೀರವಾಗಿ ಕೇಳಿದ.

“ಮಾವ ಅಂತು ಯಜಮಾನ್ರೆ.”

“ನೆಪ್ಪು ಮಾಡ್ಕಂಡ್ ಹೇಳು. ಮಾವ ಅಂತಾ, ಭಾವ ಅಂತಾ?”

“ಮಾವ ಅಂತನೇ. ನನ್ ತಂಗೀನ ಅತ್ತೆ ಅಂತು.”

ಮಹಾಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು. ಭಯ ಇಳಿದು ಈಗ ಅವಳಿಗೂ ಒಂದು ಬಗೆಯ ಹೆಮ್ಮೆ ಬಂದಿತ್ತು. ದೇವರ ಬಾಯಲ್ಲಿ ಅತ್ತೆ ಎನ್ನಿಸಿಕೊಳ್ಳುವುದು ಎಲ್ಲರ ಹಣೆಯಲ್ಲಿ ಬರೆದಿರುತ್ತದೆಯೇ?

ಕರಿಬಸವಯ್ಯ ಕಣ್ಣು ಮುಚ್ಚಿ ಯೋಚಿಸಿದ. “ಅರ್ಥ ಆಯ್ತು ಕಣಪ್ಪ. ಬೊಂಬೆ ಯಾರ್ ಹೊಲದಲ್ಲಿ ನಿಂತದೋ ಅವನ ಬಾಯಾಗಿ ಮಾತಾಡ್ಯದ. ನಿನ್ ಮಗಳು ಈ ಹೊಲಕ್ಕೇ ಸೊಸೆ. ಮೀರಿದ್ರ ನಿನ್ನಿಷ್ಟ.”

ಮಹಾಲಕ್ಷ್ಮಮ್ಮನ ರಕ್ತದೊತ್ತಡ ನೋಡಲೆಂದು ಕರೆಸಿದ್ದ ನಯನಾ ಸಿಸ್ಟರ್ ಅಲ್ಲಿಯೇ ನಿಂತಿದ್ದಳು. ಬೊಂಬೆ ಹೇಳಿದ್ದೇನು ಎಂದು ಇನ್ನೊಂದು ಸಲ ಹೇಳಿಸಿ ಕೇಳಿದಳು. ಕೇಳಿದ ಮೇಲೆ ಅವಳದೇ ರಕ್ತದೊತ್ತಡ ಏರಿತು.

“ಅಂಟಲ್ಲ ಅಂತ ನಾನು ಮನೆಮನೆಗೂ ಬಂದು ಗಂಟ್ಲು ಹರ್ಕೊಂಡಾಗ ಬಾಗಿಲು ಹಾಕ್ಕೊಂಡ್ರಿ. ಈಗ ಹುಲ್ಲಿನ ಬೊಂಬೆ ಹೇಳಿದ ತಕ್ಷಣ ಕಾಯಿ ಒಡೀತೀರಾ?”

“ನಿಮ್ಗ ಸಂಬಳ ಬತ್ತದ ಸಿಸ್ಟರ್” ಎಂದ ಕರಿಬಸವಯ್ಯ ಸಮಾಧಾನವಾಗಿ. “ಬೊಂಬೆ ಪುಕ್ಕಟೆ ಹೇಳ್ಯದ. ಅದ್ಕ ಬೆಲೆ.”

ಪುಟ್ಟಮಾದಯ್ಯ ಬೊಂಬೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. “ನನ್ ಮಗಳ ಈ ಹೊಲದವನ್ಗೇ ಕೊಡ್ತೀನಿ ನನ್ನಪ್ಪಾ! ಮಾದಪ್ಪನಾಣೆ!”

ಪಂಪ್‌ಹೌಸಿನ ಕತ್ತಲಲ್ಲಿ ಶಿವಮಲ್ಲು ಮೋಟಾರನ್ನು ತಬ್ಬಿಕೊಂಡು ಕುಣಿದ. ಬಾಯಿಮುಚ್ಚಿಕೊಂಡು ಕೂತರೆ ಸಾಕು, ಮದುವೆ ಆದಂತೆಯೇ. ಬಾಯಿಮುಚ್ಚಿಕೊಂಡಿದ್ದರಿಂದ ಕೆಟ್ಟವರು ಯಾರೂ ಇಲ್ಲ ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳು.

ಪೂಜೆ ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ಸ್ಕೂಟಿಯೊಂದು ನಿಂತ ಸದ್ದಾಯಿತು. ಅಪ್ಪ ಫೋನಿನಲ್ಲಿ ಅಳುತ್ತ ನಗುತ್ತ ಹೇಳಿದ್ದನ್ನು ಕೇಳಿ ಶಿವರಂಜಿನಿ ಉಡಿಗಾಲದಿಂದ ನೇರ ಬಂದಿದ್ದಳು. ತಲೆಗೆ ಅಗಲ ಟೋಪಿ, ಚೂಡಿದಾರದ ಮೇಲೆ ತುಂಬುತೋಳಿನ ಅಂಗಿ. ಪಂಪ್‌ಹೌಸಿನ ಗೋಡೆಯ ನೆರಳಿಗೆ ಬಂದು ನಿಂತವಳು ಎಲ್ಲರೆದುರೇ ಎರಡೂ ತೋಳು ಮಡಚಿದಳು. ಮೊಣಕೈವರೆಗೆ ಬಿಳಿ ಮಚ್ಚೆ. ಗುಂಪು ತುಸು ಹಿಂದೆ ಸರಿಯಿತು. ಬೊಂಬೆಯ ಮಾತು ನೆನಪಾಗಿ ಮತ್ತೆ ಮುಂದೆ ಬಂತು.

“ಬೊಂಬೆ ಒಪ್ಕಂಡದ ಅಂದ್ರಿ, ಸರಿ” ಎಂದಳು. “ಗಂಡು ನನ್ ಕೈ ನೋಡವ್ನಾ?”

“ಅವ್ನ್ ಯಾಕ್ ನೋಡ್ಬೇಕು ಕಣಮ್ಮಿ, ದೇವ್ರೇ ಹೇಳ್ಯದ!” ಎಂದ ಪುಟ್ಟಮಾದಯ್ಯ.

“ದೇವ್ರ ಜೊತೆ ನಾನ್ ಬಾಳ್ವೆ ಮಾಡಲ್ಲ ಕಣಪ್ಪ. ಇವತ್ತು ಬೊಂಬೆ ಮಾತ್ಗ ನನ್ನ ಕಟ್ಕಳವ್ನು ನಾಳಕ ಇನ್ನೊಂದ್ ಬೊಂಬೆ ಮಾತ್ಗ ಬುಟ್ಬುಡ್ತಾನ. ಈ ಮದ್ವೆ ಬ್ಯಾಡ. ನಡಿ ಹೋಗನ.”

ಚಪ್ಪಲಿಯ ಸದ್ದು ದೂರವಾಗತೊಡಗಿತು. ಶಿವಮಲ್ಲು ಒಳಗೆ ಬಾಗಿಲಿಗೆ ಕಿವಿಯಿಟ್ಟು ಲೆಕ್ಕ ಹಾಕಿದ. ಹೊರಗೆ ಬಂದರೆ ಮಾನ ಹೋಗುತ್ತದೆ, ಬರದಿದ್ದರೆ ಹೆಣ್ಣು ಹೋಗುತ್ತದೆ. ಹೆಣ್ಣೇ ಹೋದ ಮೇಲೆ ಮಾನ ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೆ? ಅವನು ಬಾಗಿಲು ಒದ್ದು ಹೊರಬಿದ್ದ.

“ನಾನ್ ನೋಡಿವ್ನಿ ಕಣ್ರೀ! ಅಲ್ಲಲ್ಲ, ನೋಡಿಲ್ಲ, ಕೇಳಿವ್ನಿ!”

ಬೆವರಿಗೆ ಪಟ್ಟೆ ಪಟ್ಟೆಯಾಗಿ ಇಳಿದ ಬಿಳಿ ಮುಖ, ಗ್ರೀಸು ಮೆತ್ತಿದ ಬನಿಯನ್ನು. ಎರಡನೇ ಬೊಂಬೆಯನ್ನು ಕಂಡ ಮಹಾಲಕ್ಷ್ಮಮ್ಮ ಸಿಸ್ಟರ್ ಮಡಿಲಿಗೆ ಬಿದ್ದಳು. ಕೇರಳದವರು ವಿಡಿಯೋ ಮಾಡಿಕೊಂಡರು. ಮಂಚಮ್ಮ ಮಾತ್ರ ಗುರುತು ಹಿಡಿದು ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ ಕಂದಾ, ಇನ್ನೂ ತೊಳ್ಕಂಡಿಲ್ವಾ!”

“ಬೊಂಬೆ ಮಾತಾಡ್ಲಿಲ್ಲ ಮಾವ, ನಾನೇ ಮಾತಾಡಿದ್ದು” ಎಂದ ಶಿವಮಲ್ಲು ತಲೆ ತಗ್ಗಿಸಿ. “ಬೆಳ್ಳಗಾಗನ ಅಂತ ಇದ ಬಳ್ಕಂಡಿದ್ದಿ. ನೀವ್ ಬಂದ್ರಿ, ನಾಚ್ಕೆ ಆಯ್ತು, ಹಂಗೇ ನಿಂತ್ಕಂಡಿ.”

ಅಷ್ಟು ಹೊತ್ತು ಸುಣ್ಣದ ಮಡಕೆಗೆ ಅಡ್ಡಬಿದ್ದು ಮಣ್ಣಾಗಿದ್ದ ಪುಟ್ಟಮಾದಯ್ಯನ ಮೀಸೆ ಕುಣಿಯಿತು. “ಮನೆ ಗುಟ್ಟ ಕದ್ದು ಕೇಳಿಸ್ಕಂಡ್ಯಾ? ನನ್ನ ಊರ್ ಮುಂದ ಮಂಗ ಮಾಡ್ಬುಟ್ಯಾ? ನಿನ್ನಂಥವನ್ಗೆ ನನ್ ಮಗಳ ಕೊಡಲ್ಲ ಕಣ ಹೋಗ್ಲಾ!”

“ಮಾದಪ್ಪನಾಣೆ ಇಟ್ಟಿದ್ದೀಯೆ ಪುಟ್ಟಮಾದಯ್ಯ” ಎಂದ ಕರಿಬಸವಯ್ಯ.

“ಅದು ಬೊಂಬೆಗಿಟ್ಟ ಆಣೆ!”

“ಆಣೆ ಆಣೇನೇ ಕಣಪ್ಪ. ಅದ್ಕ ವಿಳಾಸ ಇರಲ್ಲ.”

ಗಂಡಸರ ಜಗಳ ನ್ಯಾಯದ ಕಡೆ ತಿರುಗುವಷ್ಟರಲ್ಲಿ ಒಂದು ನಗು ಕೇಳಿಸಿತು. ಶಿವರಂಜಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಯಾಕಮ್ಮಿ ನಗಾಡೀಯೆ?”

“ಅಲ್ಲ ಕಣಪ್ಪ, ಇಷ್ಟ್ ದಿನ ನನ್ ಕೈ ವಿಚಾರ ಗೊತ್ತಾಗೇಟ್ಗ ಗಂಡು ಓಡೋಗ್ತಿದ್ದ. ಈ ಗಂಡು ಎಲ್ಲಾ ಕೇಳಿಸ್ಕಂಡೂ ಇಲ್ಲೇ ನಿಂತವ್ನೆ. ಈ ಸಲ ಓಡಿದ್ದು ನೀನೇ.”

ಪುಟ್ಟಮಾದಯ್ಯ ಹೊಲದಲ್ಲಿ ಬಿದ್ದಿದ್ದ ಚಪ್ಪಲಿಯನ್ನು ನೋಡಿದ. ಬರಿಗಾಲನ್ನು ನೋಡಿಕೊಂಡ. ಗುಂಪಿನಲ್ಲಿ ಮೊದಲು ನಕ್ಕವಳು ನಯನಾ ಸಿಸ್ಟರ್. ಆಮೇಲೆ ಹೊಲವೇ ನಕ್ಕಿತು. ಕೊನೆಗೆ ತಡೆಯಲಾರದೆ ಪುಟ್ಟಮಾದಯ್ಯನೂ ಮೀಸೆಯಡಿಯಲ್ಲಿ ನಕ್ಕುಬಿಟ್ಟ. ಹೆಣ್ಣು ಹೆತ್ತವನು ನಕ್ಕನೆಂದರೆ ಅರ್ಧ ಒಪ್ಪಿದನೆಂದೇ ಲೆಕ್ಕ.

ಶಿವಮಲ್ಲು ಧೈರ್ಯ ಮಾಡಿ ಎರಡು ಹೆಜ್ಜೆ ಮುಂದೆ ಬಂದ. “ನೀವು... ಬಿಸ್ಲಲ್ಲಿ ಬೆಂದವ್ನೆ ಅಂದ್ರಂತಲ್ಲ, ಅದ್ಕೇ ನಾನು...”

“ತಲೆಗೊಂದ್ ಟೋಪಿ ಹಾಕು ಅನ್ನೋಕೂ ಮನೇಲಿ ಯಾರೂ ಇಲ್ವಾ ಅಂತ ಅಂದಿದ್ದು ಕಣ್ರೀ. ನಿಮ್ ರಂಗಸ್ವಾಮಿ ಮಾವ ಮೊದಲ್ನೇ ಅರ್ಧನೇ ಹೇಳವ್ರೆ.”

“ಹಂಗಾರ ನಿಮ್ಗ ಒಪ್ಗೆನಾ?”

ಶಿವರಂಜಿನಿ ಅವನನ್ನು ಟೋಪಿಯ ಅಂಚಿನ ಕೆಳಗಿನಿಂದ ಮೇಲೆ ಕೆಳಗೆ ನೋಡಿದಳು.

“ಮೊದ್ಲು ಮೊಕ ತೊಳ್ಕಂಡ್ ಬನ್ನಿ. ನಾನು ಗಂಡು ನೋಡಕ ಬಂದಿವ್ನಿ, ಗೋಡೆ ನೋಡಕ್ಕಲ್ಲ.”

ಬೊಂಬೆಯ ಅಭಿಷೇಕಕ್ಕೆಂದು ಹೊತ್ತು ತಂದಿದ್ದ ಬಿಂದಿಗೆಯನ್ನು ಮಂಚಮ್ಮ ಎತ್ತಿ, ಅವಳ ಮಾತು ಮುಗಿಯುವ ಮೊದಲೇ, ಮಗನ ತಲೆಯ ಮೇಲೆ ಬೋರಲು ಹಾಕಿದಳು.